ಮಂಚಗಳೆಲ್ಲ ಒಂದೇ ದಿನ ಬಿಸಿಲಿಗೆ

"ತೆಗೆಸಿದ್ದು ಮತ್ತೆ ಬಂದಿದ್ಯಪ್ಪ," ಅಂದರು ಪಕ್ಕದ ಮನೆಯ ಅಕ್ಕ, ದಾಸವಾಳದ ಬೇಲಿಯ ಆಚೆಯಿಂದ.

"ಏನಕ್ಕ ಬಂದಿದ್ದು?"

"ಅದೇ, ಕಂಪ್ಯೂಟರಿನ ಕಾಟ. ಹೋದ ವಾರ ರಿಪೇರಿ ಅಂಗಡಿಗೆ ಕೊಟ್ಟಿದ್ವಲ್ಲ, ಸ್ಪೈವೇರ್ ಇತ್ತು, ತೆಗೆದಿದೀವಿ ಅಂತ ವಾಪಸ್ ಕೊಟ್ರು. ನನ್ನ ಹೆಸರಲ್ಲಿ ಒಳಗೆ ಹೋದ್ರೆ ಎಲ್ಲಾ ಸರಿ. ಮಗ ಅವನ ಹೆಸರು ಒತ್ತಿ ಹೋದ್ರೆ ಅದೇ ಜಾಹೀರಾತು, ಅದೇ ಯಾವುದೋ ಹುಡುಕೋ ಪುಟ. ಡಬ್ಬ ಒಂದೇ ಅಲ್ವಾ? ಒಬ್ಬರಿಗೆ ವಾಸಿಯಾಗಿ ಇನ್ನೊಬ್ಬರಿಗೆ ಆಗ್ದೆ ಇರೋದು ಹೆಂಗೆ?"

"ಅಂಗಡಿಯವರಿಗೆ ಯಾರ ಪಾಸ್‌ವರ್ಡ್ ಕೊಟ್ಟಿದ್ರಿ?"

"ನಂದೇ ಕೊಟ್ಟೆ. ಬೇರೆಯವರದ್ದು ನನಗೆಲ್ಲಿ ಗೊತ್ತು?"

ವಿಷಯ ಅಲ್ಲೇ ಇತ್ತು. ಅವರ ಮನೆಯ ಕಂಪ್ಯೂಟರಿನಲ್ಲಿ ನಾಲ್ಕು ಲಾಗಿನ್ ಇವೆ. ಅಕ್ಕನದು ಒಂದು, ಸಹಕಾರ ಸಂಘದ ಲೆಕ್ಕ ಬರೆಯುವ ಭಾವನದು ಒಂದು, ಕಾಲೇಜಿಗೆ ಹೋಗುವ ಮಗಳದು, ಹೈಸ್ಕೂಲಿನ ಮಗನದು. ಅಂಗಡಿಯಲ್ಲಿ ತೆರೆದು ನೋಡಿದ್ದು ಒಂದನ್ನು. ಉಳಿದ ಮೂರರ ಬಾಗಿಲಿಗೂ ಯಾರೂ ಹೋಗಿಲ್ಲ.

"ಅಕ್ಕಾ, ನಿಮ್ಮ ಅಜ್ಜಿ ಮನೆಯಲ್ಲಿ ತಿಗಣೆ ಬಿದ್ದಾಗ ಏನು ಮಾಡ್ತಿದ್ರು?" ಅಂದೆ.

"ಅಯ್ಯೋ, ಅದೊಂದು ದೊಡ್ಡ ಹಬ್ಬ. ಮನೇಲಿರೋ ಮಂಚ, ಹಾಸಿಗೆ, ಚಾಪೆ ಎಲ್ಲಾ ಒಂದೇ ದಿನ ಅಂಗಳಕ್ಕೆ. ಕುದಿಯೋ ನೀರು ಹೊಯ್ದು ಸಂಜೆವರೆಗೂ ಬಿಸಿಲಿಗೆ. ಇವತ್ತು ನಿಂದು, ನಾಳೆ ಅವಂದು ಅಂತ ಮಾಡಿದ್ರೆ ಆ ಮಂಚದಿಂದ ಈ ಮಂಚಕ್ಕೆ ಹತ್ತಿಕೊಂಡು ಬಂದ್ಬಿಡ್ತಿತ್ತು."

"ಇದೂ ಹಾಗೇ."

ಅಷ್ಟು ಹೇಳಿ ಬಿಡಬಹುದಿತ್ತು. ಆದರೆ ಯಾಕೆ ಹಾಗೇ ಎಂದು ತಿಳಿಯದಿದ್ದರೆ ಮುಂದಿನ ಸಲವೂ ಒಂದೇ ಪಾಸ್‌ವರ್ಡ್ ಕೊಟ್ಟು ಕಳಿಸುತ್ತಾರೆ. ಅದಕ್ಕೇ ಬೇಲಿಗೆ ಇನ್ನೂ ಹತ್ತಿರ ಹೋಗಿ ನಿಂತೆ.

ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ರಿಜಿಸ್ಟ್ರಿ ಎಂಬಲ್ಲಿ ಬರೆದಿಡುತ್ತದೆ. ಅದರಲ್ಲಿ ಒಂದು ಪಾಲು ಇಡೀ ಯಂತ್ರಕ್ಕೆ ಸೇರಿದ್ದು, ಅದಕ್ಕೆ ಲೋಕಲ್ ಮಷೀನ್ ಅಂತ ಹೆಸರು. ಇನ್ನೊಂದು ಪಾಲು ಆ ಹೊತ್ತಿಗೆ ಒಳಗೆ ಬಂದವರದು, ಅದು ಕರೆಂಟ್ ಯೂಸರ್. ಈ ಎರಡನೆಯದು ಪ್ರತಿಯೊಬ್ಬರಿಗೂ ಬೇರೆ ಬೇರೆ. ಅವರವರ ಫೋಲ್ಡರಿನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಕಡತವಾಗಿ ಕೂತಿರುತ್ತದೆ. ಮಗ ಲಾಗಿನ್ ಆದಾಗ ಅವನ ಕಡತ ತೆರೆಯುತ್ತದೆ, ಅಕ್ಕ ಲಾಗಿನ್ ಆದಾಗ ಅಕ್ಕನದು. ಲಾಗಿನ್ ಆದ ಕೂಡಲೇ ಯಾವ ಪ್ರೋಗ್ರಾಂ ತಾನಾಗಿ ಓಡಬೇಕು ಎನ್ನುವ ಪಟ್ಟಿಯೂ ಎರಡೂ ಕಡೆ ಇರುತ್ತದೆ. ಎಲ್ಲರಿಗೂ ಸೇರಿದ ಪಟ್ಟಿ ಒಂದು, ಒಬ್ಬೊಬ್ಬರದೇ ಪಟ್ಟಿ ಇನ್ನೊಂದು. ಸ್ಟಾರ್ಟ್‌ಅಪ್ ಫೋಲ್ಡರೂ ಹೀಗೆಯೇ ಎರಡು ಬಗೆ.

ಬ್ರೌಸರಿನ ಎಕ್ಸ್‌ಟೆನ್ಶನ್‌ಗಳು, ನೋಟಿಫಿಕೇಶನ್ ಕಳಿಸಲು ನಾವು ಕೊಟ್ಟ ಒಪ್ಪಿಗೆಗಳು, ಪ್ರಾಕ್ಸಿ ಸೆಟ್ಟಿಂಗು, ಟೆಂಪ್ ಫೋಲ್ಡರಿನ ಕಸ, ಎಲ್ಲವೂ ಅವರವರ ಪಾಲಿನವು. ಅಕ್ಕನ ಹೆಸರಿನಲ್ಲಿ ಕೂತು ಸ್ಕ್ಯಾನ್ ಮಾಡಿದರೆ ಡಿಸ್ಕಿನಲ್ಲಿರುವ ಮಗನ ಕಡತಗಳನ್ನೂ ಸ್ಕ್ಯಾನರ್ ತಡವಬಹುದು. ಆದರೆ ಲಾಗಿನ್ ಆಗದೆ ಇರುವವನ ಆ ಆರಂಭದ ಪಟ್ಟಿ, ಅವನ ಬ್ರೌಸರಿನ ಸೆಟ್ಟಿಂಗು, ಇವು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಕಡತ ಅಳಿಸಿ ಪಟ್ಟಿಯಲ್ಲಿ ಹೆಸರು ಉಳಿಯಬಹುದು. ಎಕ್ಸ್‌ಟೆನ್ಶನ್ ಹಾಗೇ ಇದ್ದು ಅದೇ ಮತ್ತೆ ಜಾಹೀರಾತು ತರಬಹುದು.

"ಹಾಗಾದ್ರೆ ಇದು ಬೇಕಂತಲೇ ಅಲ್ಲಿ ಹೋಗಿ ಅಡಗಿರೋದಾ?" ಅಕ್ಕನ ಗಂಟಲಲ್ಲಿ ಸಿಟ್ಟಿತ್ತು.

ಹೌದು, ಬೇಕೆಂದೇ. ಅದಕ್ಕೊಂದು ಹಿನ್ನೆಲೆಯಿದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮನೆಯಲ್ಲಿ ಕಂಪ್ಯೂಟರ್ ಹೂಡುವಾಗ ಸೇರಿಸಿದ ಹೆಸರುಗಳೆಲ್ಲ ಅಡ್ಮಿನಿಸ್ಟ್ರೇಟರ್ ಆಗಿಬಿಡುತ್ತಿದ್ದವು. ಅಂದರೆ ಅಪ್ಪ, ಅಮ್ಮ, ಐದನೇ ಕ್ಲಾಸಿನ ಮಗು ಎಲ್ಲರಿಗೂ ಇಡೀ ಯಂತ್ರದ ಅಧಿಕಾರ. ಪುಕ್ಕಟೆ ಹಾಡು ಸಿಗುತ್ತದೆ ಎಂದು ಕಜಾ ಎಂಬ ಪ್ರೋಗ್ರಾಂ ಹಾಕಿಕೊಂಡರೆ ಅದರ ಬೆನ್ನಿಗೆ ಜಾಹೀರಾತಿನ ಪ್ರೋಗ್ರಾಂಗಳೂ ಬಂದು ಯಂತ್ರದ ತುಂಬ ಕೂರುತ್ತಿದ್ದವು. ಆ ಕಾಲದಲ್ಲೇ ಜನ ಎಚ್ಚೆತ್ತರು. ಅಮೆರಿಕದ ಸ್ಟೀವ್ ಗಿಬ್ಸನ್ 2000ದಲ್ಲಿ ಆಪ್ಟ್‌ಔಟ್ ಎಂಬ ಪುಟ್ಟ ತಂತ್ರಾಂಶ ಬರೆದರು. ಸ್ಪೈವೇರ್ ಹುಡುಕಿ ತೆಗೆಯಲೆಂದೇ ಬರೆದ ಮೊದಲ ತಂತ್ರಾಂಶಗಳಲ್ಲಿ ಅದೊಂದು. ಜರ್ಮನಿಯ ಪ್ಯಾಟ್ರಿಕ್ ಕೊಲ್ಲಾ ಬರೆದ ಸ್ಪೈಬಾಟ್ ಲೋಕದ ತುಂಬ ಮನೆಮಾತಾಯಿತು. ದುಡ್ಡು ಕೇಳದೆ ಜನರಿಗೆ ಕೊಟ್ಟ ಆ ಕೆಲಸವನ್ನು ನಾವು ನೆನೆಯಬೇಕು.

2007ರಲ್ಲಿ ಜನರ ಕೈಗೆ ಬಂದ ವಿಸ್ಟಾ, ಯಂತ್ರದ ಸಾಮೂಹಿಕ ಜಾಗವನ್ನು ಮುಟ್ಟುವ ಮೊದಲು ಪರದೆ ಮಸುಕು ಮಾಡಿ ಒಪ್ಪಿಗೆ ಕೇಳತೊಡಗಿತು. ಆ ಕಾವಲು ಬಂದಮೇಲೆ ಎಷ್ಟೋ ಸ್ಪೈವೇರಿನವರು ದಾರಿ ಬದಲಿಸಿದರು. ಒಬ್ಬ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ, ಆಪ್‌ಡೇಟಾ ಎಂಬಲ್ಲಿ, ಏನಾದರೂ ಇಡಲು ಯಾರ ಒಪ್ಪಿಗೆಯೂ ಬೇಡ. ಅಲ್ಲೇ ಕೂತು, ಅವನು ಒತ್ತುವ ಅಕ್ಷರ, ನೋಡುವ ಪುಟ ಎಲ್ಲ ಗಮನಿಸಬಹುದು. ಒಬ್ಬನೇ ಸಾಕು ಅವಕ್ಕೆ. ಅಕ್ಕನ ಮಗನಿಗೆ ಮಾತ್ರ ಕಾಟ ಉಳಿದಿದ್ದು ಹೀಗೆ.

"ಬಂದಿದ್ದಾದ್ರೂ ಹೆಂಗೆ ಅಂತೀಯ? ಅವನನ್ನ ಕೇಳಿದ್ರೆ ನಾನೇನೂ ಮಾಡಿಲ್ಲ ಅಂತಾನೆ."

"ಹೆಂಗೆ ಕೇಳಿದ್ರಿ ಅಕ್ಕ?"

"ಏನೋ ಮಾಡಿದೀಯ, ಹೇಳು ಅಂತ."

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಬೈಗುಳದ ಭಯವಿರುವ ಮನೆಯಲ್ಲಿ ಸ್ಪೈವೇರಿಗೆ ಆಯಸ್ಸು ಜಾಸ್ತಿ. ಆಟಕ್ಕೊಂದು ಮೋಡ್ ಬೇಕು ಅಂತ ಹುಡುಗ ಎಲ್ಲೋ ಒತ್ತಿರುತ್ತಾನೆ. ಸೆಮಿನಾರಿಗೆ ಕನ್ನಡದಲ್ಲಿ ಟೈಪ್ ಮಾಡಬೇಕು ಅಂತ ಹುಡುಗಿ ನುಡಿ ತಂತ್ರಾಂಶ ಹುಡುಕಿರುತ್ತಾಳೆ. ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತನ್ನು ಬಿಟ್ಟು ಇನ್ನೆಲ್ಲೋ ದೊಡ್ಡ ಹಸಿರು ಗುಂಡಿ ಕಂಡು ಒತ್ತಿದರೆ ಬೇಡದ್ದೂ ಜೊತೆಗೆ ಬರುತ್ತದೆ. ಭಾವನವರಿಗೆ ಪಿಡಿಎಫ್ ಅನ್ನು ಎಕ್ಸೆಲ್ ಮಾಡಬೇಕಿರುತ್ತದೆ, ಪುಕ್ಕಟೆ ಕನ್ವರ್ಟರ್ ಇಳಿಸಿಕೊಳ್ಳುತ್ತಾರೆ. ಯಾರದೂ ಅಪರಾಧವಲ್ಲ, ಎಲ್ಲರಿಗೂ ಒಂದು ಕೆಲಸ ಆಗಬೇಕಿತ್ತು. ಯಾವ ದಿನ ಏನು ಇಳಿಸಿಕೊಂಡರು ಎಂದು ಅವರು ನಿರ್ಭಯವಾಗಿ ಹೇಳಿದರೆ ಹುಡುಕುವ ಕೆಲಸ ಅರ್ಧ ಮುಗಿಯಿತು. ಇನ್‌ಸ್ಟಾಲ್ ಆದ ಪ್ರೋಗ್ರಾಂಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ಆ ದಿನ ಏನೇನು ಬಂತು ಎಂದು ನೋಡಬಹುದು.

"ಸರಿ, ಬೈಯೋಲ್ಲ. ಮುಂದೆ?"

ಮುಂದಿನದನ್ನು ಅಕ್ಕ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ನಾನು ಹೇಳಿದ್ದು ಹೀಗೆ.

ಮೊದಲು ಬೇಕಾದ ಪತ್ರ, ಫೋಟೊ, ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿ. ಪ್ರೋಗ್ರಾಂ ಕಡತಗಳನ್ನು ಮಾತ್ರ ನಕಲು ಮಾಡಬೇಡಿ, ರೋಗ ಅದರ ಜೊತೆ ಬರುತ್ತದೆ. ಆಮೇಲೆ ವಿಂಡೋಸಿನಲ್ಲೇ ಇರುವ ಡಿಫೆಂಡರ್ ಅನ್ನು ಅಪ್‌ಡೇಟ್ ಮಾಡಿ. ಎರಡನೆಯ ಸ್ಕ್ಯಾನರ್ ಏನಾದರೂ ಇಳಿಸಿಕೊಳ್ಳುವುದಿದ್ದರೆ ಅದೂ ಈಗಲೇ ಆಗಲಿ. ಆಮೇಲೆ ಇಂಟರ್‌ನೆಟ್ ಕಿತ್ತುಬಿಡಿ. ಕದ್ದು ಕಳಿಸುವವನಿಗೆ ದಾರಿ ಇಲ್ಲದಂತಾಗಲಿ.

ಆಮೇಲೆ ಎಲ್ಲರೂ ಸೈನ್ ಔಟ್ ಆಗಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಸ್ವಿಚ್ ಯೂಸರ್ ಅಂತ ಒತ್ತಿ ಒಬ್ಬರು ಎದ್ದು ಇನ್ನೊಬ್ಬರು ಕೂತರೆ ಮೊದಲಿನವರು ಒಳಗೇ ಇರುತ್ತಾರೆ, ಅವರ ಪ್ರೋಗ್ರಾಂಗಳೂ ಓಡುತ್ತಲೇ ಇರುತ್ತವೆ. ಓಡುತ್ತಿರುವ ಕಡತವನ್ನು ಅಳಿಸಲು ಹೋದರೆ ವಿಂಡೋಸ್ ಬಿಡುವುದಿಲ್ಲ. ಅಷ್ಟೇ ಅಲ್ಲ, ಅಳಿಸಿದ್ದನ್ನು ಆ ಪ್ರೋಗ್ರಾಂ ಮತ್ತೆ ಬರೆದುಬಿಡಲೂಬಹುದು.

ಈಗ ಅಡ್ಮಿನಿಸ್ಟ್ರೇಟರ್ ಲಾಗಿನ್ ಒಂದರಿಂದ ಫುಲ್ ಸ್ಕ್ಯಾನ್. ಅದು ಮುಗಿದ ಮೇಲೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್. ಇದರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಮಾಮೂಲಿ ವಿಂಡೋಸ್ ಏಳುವ ಮೊದಲೇ ಪರೀಕ್ಷೆ ನಡೆಯುತ್ತದೆ. ಯಾರೂ ಲಾಗಿನ್ ಆಗಿಲ್ಲದ ಹೊತ್ತು ಅದು, ಅಡಗಿದ್ದಕ್ಕೆ ಎದ್ದು ನಿಲ್ಲಲು ಅವಕಾಶವೇ ಇಲ್ಲ. ಇನ್ನೊಂದು ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಇದೆ, ಮೈಕ್ರೋಸಾಫ್ಟಿನದೇ ಸೇಫ್ಟಿ ಸ್ಕ್ಯಾನರ್ ಇದೆ. ಸೇಫ್ಟಿ ಸ್ಕ್ಯಾನರ್ ಇಳಿಸಿಕೊಂಡ 10 ದಿನಕ್ಕೆ ಮುಗಿದುಹೋಗುತ್ತದೆ, ಪ್ರತಿಸಲ ಹೊಸದಾಗಿ ತರಬೇಕು. ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಜನರಿಗೆ ಪುಕ್ಕಟೆ ಶುಚಿಗೊಳಿಸುವ ತಂತ್ರಾಂಶ ಕೊಡುತ್ತಿದೆ.

"ಇಲ್ಲಿವರೆಗೂ ಅಂಗಡಿಯವರೂ ಮಾಡಿರ್ತಾರಲ್ವಾ?"

"ಮಾಡಿರ್ತಾರೆ ಅಕ್ಕ. ಇನ್ನು ಮುಂದಿನದು ಮನೆಯವರೇ ಕೂತು ಮಾಡಬೇಕಾದ್ದು."

ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಲಾಗಿನ್ ಆಗಬೇಕು. ಪ್ರತಿಯೊಬ್ಬರ ಹೆಸರಿನಲ್ಲೂ ನೋಡಬೇಕಾದ ಜಾಗಗಳು ಒಂದೇ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಏನಿದೆ? ಬ್ರೌಸರಿನಲ್ಲಿ ಯಾವ ಎಕ್ಸ್‌ಟೆನ್ಶನ್‌ಗಳಿವೆ, ಅವನ್ನು ತಾವೇ ಹಾಕಿದ್ದಾ? ಹುಡುಕುವ ಪುಟ, ಮೊದಲು ತೆರೆಯುವ ಪುಟ ಯಾವುದಾಗಿದೆ? ಯಾವ ಯಾವ ತಾಣಗಳಿಗೆ ನೋಟಿಫಿಕೇಶನ್ ಒಪ್ಪಿಗೆ ಕೊಟ್ಟಿದೆ? ಪ್ರಾಕ್ಸಿ ತಾನಾಗಿ ಆನ್ ಆಗಿದೆಯಾ? ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಸ್ಕ್ಯಾನ್ ಓಡಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಬ್ರೌಸರಿಗೆ ಗೂಗಲ್ ಅಕೌಂಟ್ ಹಾಕಿ ಸಿಂಕ್ ಆನ್ ಮಾಡಿದ್ದರೆ ಎಕ್ಸ್‌ಟೆನ್ಶನ್‌ಗಳೂ ಸಿಂಕ್ ಆಗುತ್ತವೆ. ಒಂದೇ ಗೂಗಲ್ ಅಕೌಂಟನ್ನು ಅಕ್ಕನೂ ಮಗನೂ ಬಳಸುತ್ತಿದ್ದರೆ ಮಗನ ಬ್ರೌಸರಿಗೆ ಬಂದದ್ದು ಅಕ್ಕನದಕ್ಕೂ ಬರುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಇಲ್ಲಿಗೆ ಮರಳುತ್ತದೆ. ಆದ್ದರಿಂದ ಸಿಂಕ್ ನಿಲ್ಲಿಸಿ, ಎಲ್ಲ ಕಡೆ ತೆಗೆದು, ಆಮೇಲೆ ಬೇಕಿದ್ದರೆ ಹಚ್ಚಬೇಕು. ಮನೆಯಲ್ಲಿರುವ ಬ್ರೌಸರ್ ಒಮ್ಮೊಮ್ಮೆ ಇದನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ ಅಂತ ತೋರಿಸಿ ಎಕ್ಸ್‌ಟೆನ್ಶನ್ ತೆಗೆಯಲು ಬಿಡದಿದ್ದರೆ, ಯಾವುದೋ ಪ್ರೋಗ್ರಾಂ ರಿಜಿಸ್ಟ್ರಿಯಲ್ಲಿ ಪಾಲಿಸಿ ಬರೆದಿದೆ ಎಂದು ಅನುಮಾನಿಸಬೇಕು. ಅದನ್ನು ತೆಗೆಯಲು ಬಲ್ಲವರು ಬೇಕು.

ಬಲ್ಲವರ ಕೈಯಲ್ಲಿ ಇರಬೇಕಾದ ಸಾಧನ ಆಟೋರನ್ಸ್. ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಬರೆದದ್ದು. 2006ರಲ್ಲಿ ಅವರ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಸಾಧನ ಇಂದಿಗೂ ಪುಕ್ಕಟೆಯಾಗಿದೆ. ಕಂಪ್ಯೂಟರಿನಲ್ಲಿ ತಾನಾಗಿ ಏಳುವ ಪ್ರೋಗ್ರಾಂ, ಸರ್ವೀಸು, ಶೆಡ್ಯೂಲ್ಡ್ ಟಾಸ್ಕ್ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ನಮ್ಮ ಕೆಲಸಕ್ಕೆ ಅದರ ಯೂಸರ್ ಎಂಬ ಮೆನು ಬಲು ಉಪಕಾರಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅಲ್ಲಿ ಬೇರೆ ಬಳಕೆದಾರರ ಹೆಸರನ್ನು ಆರಿಸಿ ಅವರ ಪಟ್ಟಿಯನ್ನೂ ನೋಡಬಹುದು. ಅನುಮಾನ ಬಂದದ್ದನ್ನು ಮೊದಲೇ ಅಳಿಸಬಾರದು, ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ ನೋಡಬೇಕು. ಬೇಕಾದದ್ದೇ ಆಗಿದ್ದರೆ ಟಿಕ್ ಮತ್ತೆ ಹಾಕಬಹುದು.

"ಇಷ್ಟು ಮಾಡಿದ್ರೂ ಹೋಗ್ದಿದ್ರೆ?"

ಆಗ ನಾಲ್ಕು ಲಾಗಿನ್ ಇರುವುದೇ ಸಹಾಯಕ್ಕೆ ಬರುತ್ತದೆ. ಮಗನದು ಸ್ಟ್ಯಾಂಡರ್ಡ್ ಅಕೌಂಟ್ ಆಗಿದ್ದು, ಕಾಟ ಅವನೊಬ್ಬನ ಹೆಸರಿನಲ್ಲೇ ಇದ್ದರೆ, ಅವನಿಗೆ ಹೊಸ ಅಕೌಂಟ್ ಮಾಡಿ, ಫೋಟೊ, ಪಾಠದ ಕಡತಗಳನ್ನು ಮಾತ್ರ ಅದಕ್ಕೆ ಸಾಗಿಸಿ, ಹಳೆಯ ಅಕೌಂಟನ್ನು ಫೋಲ್ಡರಿನ ಸಮೇತ ಅಳಿಸಿದರಾಯಿತು. ಅವನ ಆರಂಭದ ಪಟ್ಟಿ, ಆಪ್‌ಡೇಟಾ, ಬ್ರೌಸರಿನ ಪ್ರೊಫೈಲ್ ಎಲ್ಲ ಒಟ್ಟಿಗೆ ಹೋಗುತ್ತವೆ. ಅವನದು ಅಡ್ಮಿನಿಸ್ಟ್ರೇಟರ್ ಅಕೌಂಟ್ ಆಗಿದ್ದರೆ ಈ ಭರವಸೆ ಇಲ್ಲ. ಅವನ ಅಧಿಕಾರ ಹಿಡಿದುಕೊಂಡು ಸ್ಪೈವೇರ್ ಇಡೀ ಯಂತ್ರದಲ್ಲಿ ಎಲ್ಲಿ ಬೇಕಾದರೂ ಬೇರು ಬಿಟ್ಟಿರಬಹುದು. ಆಗ ಕಡತಗಳನ್ನು ಹೊರಗೆ ತೆಗೆದು ವಿಂಡೋಸನ್ನೇ ಹೊಸದಾಗಿ ಹಾಕುವುದು ಒಳ್ಳೆಯದು.

ಶುಚಿಯಾದ ಮೇಲೆ ಹಳೆಯ ರಿಸ್ಟೋರ್ ಪಾಯಿಂಟುಗಳನ್ನು ಅಳಿಸಿ ಹೊಸದೊಂದನ್ನು ಮಾಡಬೇಕು, ಹಳೆಯದರಲ್ಲಿ ಸ್ಪೈವೇರಿನ ಪ್ರತಿಯೂ ಇರಬಹುದು. ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಶುಚಿಯಾದದ್ದು ಖಚಿತವಾಗುವವರೆಗೆ ಆ ಕೆಲಸ ಆ ಕಂಪ್ಯೂಟರಿನಿಂದ ಬೇಡ, ಒತ್ತಿದ ಅಕ್ಷರ ಕದಿಯುವುದು ಉಳಿದಿದ್ದರೆ ಹೊಸ ಪಾಸ್‌ವರ್ಡೂ ಅವರ ಪಾಲಾಗುತ್ತದೆ. ನಂಬಿಕೆಯ ಬೇರೆ ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಬೇಕು. ಮೊದಲು ಇಮೇಲ್, ಆಮೇಲೆ ಬ್ಯಾಂಕು, ಯಾಕೆಂದರೆ ಉಳಿದದ್ದರ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಇಮೇಲಿಗೇ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.

ಅಕ್ಕ ಬರೆಯುವುದನ್ನು ನಿಲ್ಲಿಸಿದರು. "ಮಗಳು ಪಾಸ್‌ವರ್ಡ್ ಕೊಡಲ್ಲಪ್ಪ. ಕೊಡು ಅಂತ ಗದರಿಸಬೇಕಾಗತ್ತೆ."

"ಬೇಡ ಅಕ್ಕ. ಕೇಳಲೇಬೇಡಿ. ಅವಳೇ ಒತ್ತಿ ಒಳಗೆ ಹೋಗಲಿ, ಅವಳೇ ಮೌಸ್ ಹಿಡೀಲಿ. ಪಕ್ಕದಲ್ಲಿ ಕೂತವರು ಎಲ್ಲಿ ನೋಡಬೇಕು ಅಂತ ಹೇಳಿದ್ರೆ ಸಾಕು."

ಗೂಢಚಾರಿಯನ್ನು ಓಡಿಸಲು ಬಂದವರು ತಾವೇ ಇಣುಕಬಾರದು. ಮಗಳ ಫೋಟೊ ಫೋಲ್ಡರ್ ತೆರೆಯುವುದು, ಗಂಡನ ಬ್ರೌಸರಿನ ಹಿಸ್ಟರಿ ಓದುವುದು, ಇವು ಶುಚಿಗೊಳಿಸುವ ಕೆಲಸದೊಳಗೆ ಬರುವುದಿಲ್ಲ. ಹಾಗೆ ಒಮ್ಮೆ ಆದರೆ ಮುಂದಿನ ಸಲ ಆ ಹುಡುಗಿ ಏನೂ ಹೇಳುವುದಿಲ್ಲ, ಕಾಟ ಅವಳ ಹೆಸರಿನಲ್ಲಿ ತಣ್ಣಗೆ ಬೆಳೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಸರ್ಕಾರದ ಎದುರು ನಿಂತು ಅವರು ಕೇಳಿದ್ದು ನಮ್ಮ ನಡುಮನೆಯ ಕಂಪ್ಯೂಟರಿನ ಮುಂದೆಯೂ ನೆನಪಾಗಬೇಕು.

ಒಂದು ಕಹಿಯಾದ ಮಾತನ್ನೂ ಅಕ್ಕನಿಗೆ ಹೇಳಿದೆ. ಕೆಲವು ಮನೆಗಳಲ್ಲಿ ಸ್ಪೈವೇರ್ ಹೊರಗಿನಿಂದ ಬಂದಿರುವುದಿಲ್ಲ. ಒಳಗಿನವರೇ, ಹೆಂಡತಿಯ ಮೇಲೆ ಕಣ್ಣಿಡಲು ಗಂಡನೋ ಮತ್ತೊಬ್ಬರೋ ಹಾಕಿರುತ್ತಾರೆ. ಅಂಥ ಅನುಮಾನವಿದ್ದವರು ಅದನ್ನು ಅವಸರದಲ್ಲಿ ತೆಗೆಯಬಾರದು. ತೆಗೆದ ಕೂಡಲೇ ಹಾಕಿದವರಿಗೆ ಗೊತ್ತಾಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಬೇರೆ ಫೋನಿನಿಂದ, ನಂಬಿಕೆಯವರ ಜೊತೆ ಮಾತಾಡಿ, ತಮ್ಮ ಸುರಕ್ಷತೆ ನೋಡಿಕೊಂಡು ಮುಂದುವರಿಯಬೇಕು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಇಂಥದ್ದನ್ನು ವಂಚನೆಯಿಂದ ತುರುಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಈಗ ನಮ್ಮನೇಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ರೇ ಇರ್ಬೇಕು," ಅಂದರು ಅಕ್ಕ.

"ಹಾಗಿದ್ರೆ ಅದನ್ನೂ ಬದಲಿಸಿ. ಐದನೇದೊಂದು ಅಕೌಂಟ್ ಮಾಡಿ, ಅದೊಂದೇ ಅಡ್ಮಿನಿಸ್ಟ್ರೇಟರ್. ಅದರಲ್ಲಿ ಯಾರೂ ದಿನಾ ಕೆಲಸ ಮಾಡೋದು ಬೇಡ. ನೀವು ನಾಲ್ಕೂ ಜನ ಸ್ಟ್ಯಾಂಡರ್ಡ್. ಇಡೀ ಯಂತ್ರಕ್ಕೆ ಏನು ಇನ್‌ಸ್ಟಾಲ್ ಮಾಡೋದಿದ್ರೂ ಆ ಪಾಸ್‌ವರ್ಡ್ ಬೇಕು, ಅಂದ್ರೆ ಇನ್ನೊಬ್ಬರನ್ನ ಕರೆದು ತೋರಿಸಿ ಕೇಳಬೇಕು."

ಇದರಿಂದ ಆಪ್‌ಡೇಟಾದೊಳಗೆ ನುಸುಳುವುದು ನಿಲ್ಲುವುದಿಲ್ಲ, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಬಂದರೆ ಒಬ್ಬರ ಪಾಲಿನಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು, ಅಳಿಸುವುದೂ ಸುಲಭ. ಅವರದು ಇನ್ನೂ ವಿಂಡೋಸ್ 10 ಆಗಿದ್ದರೆ ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸದಕ್ಕೆ ಹೋಗುವ ಯೋಚನೆ ಮಾಡಬೇಕು ಎಂದೂ ಹೇಳಿದೆ.

"ಭಾನುವಾರ ಇಟ್ಕೊಳ್ಳೋಣ. ನೀನೂ ಬಾ. ಆದ್ರೆ ನಮ್ಮನೆಯವರದ್ದೇ ಕಷ್ಟ, ನಂದೇನೂ ಆಗಿಲ್ಲ, ನಂಗೆ ಪುರುಸೊತ್ತಿಲ್ಲ ಅಂತಾರೆ."

"ಭಾವನೋರಿಂದಲೇ ಶುರು ಮಾಡೋಣ ಅಕ್ಕ. ಮಗನ ಹೆಸರಲ್ಲಿ ಇರೋದು ಆಟ. ಭಾವನ ಹೆಸರಲ್ಲಿ ಇರೋದು ಸಂಘದಲ್ಲಿ ದುಡ್ಡಿಟ್ಟಿರೋ ಊರಿನವರ ಲೆಕ್ಕ, ಅವರ ಆಧಾರ್, ಪಾಸ್‌ಬುಕ್ ನಂಬರ್. ಅದನ್ನ ಯಾರಾದ್ರೂ ನೋಡ್ತಿದಾರಾ ಇಲ್ವಾ ಅಂತ ತಿಳಿಯೋ ಹಕ್ಕು ಆ ಜನಕ್ಕಿದೆ. ಹಾಗಂತ ಹೇಳಿ, ಖಂಡಿತ ಬಂದು ಕೂರ್ತಾರೆ."

ಅಕ್ಕ ಕ್ಯಾಲೆಂಡರಿನ ಹಿಂದೆ ಭಾವನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದರು.